ಹದಿನೆಂಟು ಸಾವಿರದ ಕುಂಬಳಕಾಯಿ

೨೦ ಅಕ್ಟೋಬರ್ ೨೦೨೪, ರವಿವಾರ

ಲಿಡಿಯಾ ಇವತ್ತು ಹೊಸ ಕಾರಿನಲ್ಲಿ ಚರ್ಚಿಗೆ ಬಂದಳು. ಬಿಳಿ ಕಾರು. ರಬಕವಿಯ ನಮ್ಮ ಚರ್ಚಿನ ಗೇಟು ಸಣ್ಣದು, ಕಾರು ಒಳಗೆ ಹಿಡಿಯಲಿಲ್ಲ. ಅಷ್ಟಕ್ಕೇ ನನಗೆ ಎಷ್ಟು ಸಮಾಧಾನವಾಯಿತೆಂದರೆ ಮೊದಲನೇ ಹಾಡನ್ನು ದನಿ ತೆಗೆದು ಹಾಡಿದೆ. ಆದರೆ ಆರಾಧನೆ ಮುಗಿದ ಮೇಲೆ ನಮ್ಮ ಪಾದ್ರಿ ಅಯ್ಯನವರು ನಿಲುವಂಗಿ ಕೂಡ ತೆಗೆಯದೆ ರಸ್ತೆಗೆ ಬಂದು, ಕಾರಿನ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರು. ಈ ಕುಟುಂಬ ದೇವರಿಗೆ ನಂಬಿಗಸ್ತವಾಗಿತ್ತು, ಅದಕ್ಕೇ ದೇವರು ಇವರನ್ನು ಆಶೀರ್ವದಿಸಿದ್ದಾನೆ ಅಂದರು. ಎಲ್ಲರೂ ಆಮೆನ್ ಅಂದರು. ನಾನೂ ಅಂದೆ, ಬಾಯಿ ತೆರೆಯದೆ.

ಹಾಗಾದರೆ ನಾನು ಏನು? ಎಂಟು ವರ್ಷದ ಹಿಂದೆ ಗಂಡ ಯಾಕೋಬ ಕಾಮಾಲೆಯಾಗಿ ತೀರಿಕೊಂಡ. ಬನಹಟ್ಟಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಎಪ್ಪತ್ತೆಂಟು ವರ್ಷದ ಅತ್ತೆ, ಕಾಲಲ್ಲಿ ತುಳಿಯುವ ಒಂದು ಹೊಲಿಗೆ ಮಷಿನ್ನು, ಇಷ್ಟೇ ನನ್ನ ಆಸ್ತಿ. ನಾನೇನು ನಂಬಿಗಸ್ತಳಲ್ಲವೇ? ಜ್ವರ ಇದ್ದಾಗಲೂ ಒಂದು ರವಿವಾರವೂ ತಪ್ಪಿಸಿದವಳಲ್ಲ. ಅಯ್ಯನವರು ನನ್ನ ಮಷಿನ್ನಿನ ಮೇಲೆ ಕೈಯಿಟ್ಟು ಒಂದು ದಿನವೂ ಪ್ರಾರ್ಥನೆ ಮಾಡಿಲ್ಲ.

ಅಳತೆ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಇದನ್ನು ಬರೆಯುತ್ತಿದ್ದೇನೆ. ಮುಂದಿನ ಹಾಳೆಗಳಲ್ಲಿ ಊರ ಹೆಂಗಸರ ಜಂಪರಿನ ಅಳತೆಗಳಿವೆ. ಈ ಕಡೆಯಿಂದ ಯಾರೂ ತೆರೆಯುವುದಿಲ್ಲ.

೨೬ ಅಕ್ಟೋಬರ್, ಶನಿವಾರ

ಲಿಡಿಯಾ ಜಂಪರು ಹೊಲಿಸಲು ಬಂದಿದ್ದಳು. ಒಂದಲ್ಲ, ಆರು. ಎದೆಯ ಅಳತೆ ಮೂವತ್ತೆಂಟಕ್ಕೆ ಬಂದಿದೆ. ಉಂಡದ್ದು ಮೈಗೆ ಹತ್ತುವ ಕಾಲ ಅವಳಿಗೆ.

ನನ್ನನ್ನು "ಎಸ್ತೇರವ್ವಾರ" ಅನ್ನುತ್ತಾಳೆ. ಹತ್ತು ವರ್ಷದ ಹುಡುಗಿಯರಾಗಿದ್ದಾಗ ಇಬ್ಬರೂ ಒಂದೇ ಮಗ್ಗದ ಶೆಡ್ಡಿನಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದೆವು. ಒಂದು ರೊಟ್ಟಿ ಹರಿದು ಇಬ್ಬರೂ ತಿಂದವರು. ಆಗ "ಲೇ ಎಸ್ತಿ" ಅನ್ನುತ್ತಿದ್ದಳು. ಅವಳು ಎರಡು ಮಗ್ಗವಿದ್ದ ಸಾಮುವೇಲನನ್ನು ಮದುವೆಯಾದಳು, ನಾನು ಮಗ್ಗ ರಿಪೇರಿ ಮಾಡುವ ಯಾಕೋಬನನ್ನು. ಆ ಎರಡು ಮಗ್ಗ ಈಗ ನಲವತ್ತಾಗಿವೆ. ಅವಳ ಮಾತಿಗೆ ಬಹುವಚನ ಬಂದದ್ದು ಯಾವ ವರ್ಷವೋ ನೆನಪಿಲ್ಲ.

ಹೋಗುವಾಗ ಅಂದಳು, "ಈ ಸಲ ಸಭೆ ಹಿರಿಯರೊಳಗ ಒಬ್ಬಾಕಿ ಹೆಣಮಗಳ್ನ ತಗೋತಾರಂತ್ರೀ. ನನ್ನ ಹೆಸರು ಹೇಳಾಕತ್ತಾರ. ನನಗ ಬ್ಯಾಡಾಗಿತ್ತು."

ಬೇಡವಾಗಿತ್ತಂತೆ! ನನಗೆ ಬೇಕು. ಇಲ್ಲಿ ಯಾರೂ ನೋಡುವುದಿಲ್ಲವಾದ್ದರಿಂದ ಬರೆದುಬಿಡುತ್ತೇನೆ: ಆ ಕುರ್ಚಿ ನನಗೆ ಬೇಕು. ಕಾರು ಅವಳಿಗಿರಲಿ, ಮಹಡಿಯ ಮೇಲೆ ಮಹಡಿ ಕಟ್ಟಲಿ. ದೇವರ ಮನೆಯಲ್ಲಾದರೂ ನಾನು ಅವಳಿಗಿಂತ ಒಂದು ಕೈ ಮೇಲೆ ಇರಬೇಕು.

೧೦ ನವೆಂಬರ್, ರವಿವಾರ

ಇವತ್ತು ಓದಿದ ಪಾಠ ನನಗೆ ಹಬ್ಬ. ಶ್ರೀಮಂತನಿಗೆ ಪರಲೋಕ ಸಿಗುವುದು ಒಂಟೆಗೆ ಸೂಜಿಯ ಕಣ್ಣು ದಾಟುವುದಕ್ಕಿಂತ ಕಷ್ಟ ಎಂದು ಯೇಸುಸ್ವಾಮಿ ಹೇಳಿದ ಪಾಠ. ದಿನಕ್ಕೆ ಇಪ್ಪತ್ತು ಸಲ ಸೂಜಿ ಪೋಣಿಸುವವಳು ನಾನು, ಆ ಕಣ್ಣು ಎಷ್ಟು ಸಣ್ಣದೆಂದು ಅಯ್ಯನವರಿಗಿಂತ ನನಗೆ ಚೆನ್ನಾಗಿ ಗೊತ್ತು. ಲಿಡಿಯಾ ಕಡೆ ತಿರುಗಿ ನೋಡಿದೆ. ಕಣ್ಣು ಮುಚ್ಚಿ ಕೂತಿದ್ದಳು. ಅಯ್ಯನವರು ಮಾತ್ರ ಪಾಠವನ್ನು ಹೇಗೋ ಎಳೆದು, ಕೊಡುವ ಕೈಯುಳ್ಳ ಶ್ರೀಮಂತರಿಗೆ ಚಿಂತೆಯಿಲ್ಲ ಎಂದು ಮುಗಿಸಿದರು. ಚರ್ಚಿನ ಚಾವಣಿಯ ಹೊಸ ತಗಡು ಸಾಮುವೇಲ ಹಾಕಿಸಿಕೊಟ್ಟದ್ದು.

ಮುಂದಿನ ರವಿವಾರ ಸುಗ್ಗಿ ಹಬ್ಬ. ಎಲ್ಲರೂ ತಮ್ಮ ಬೆಳೆಯ ಮೊದಲ ಪಾಲು ತಂದು ದೇವರ ಮುಂದೆ ಇಡುತ್ತಾರೆ, ಆಮೇಲೆ ಅಂಗಳದಲ್ಲಿ ಲಿಲಾವು ನಡೆಸಿ ಅದನ್ನೆಲ್ಲ ಹರಾಜು ಹಾಕುತ್ತಾರೆ. ಹೊಲವಿಲ್ಲದ ನಾನು ಜಂಪರು ಕತ್ತರಿಸಿ ಉಳಿದ ಚೂರುಗಳಿಂದ ಕೌದಿ ಹೊಲಿದಿದ್ದೇನೆ. ಮೂರು ತಿಂಗಳ ಕೆಲಸ. ಅಂಚಿಗೆ ಕೆಂಪು, ನಡುವೆ ಶಿಲುಬೆ. ಅತ್ತೆ ಕಾಲಿಗೆ ಹೊದ್ದು ನೋಡಿ, "ಇದನ್ನ ಇಟಗೊಂಡು ದೇವ್ರಿಗೆ ನಿನ್ನ ನಾಲಿಗಿ ಕೊಡು" ಅಂದರು.

೧೭ ನವೆಂಬರ್, ರವಿವಾರ

ಇವತ್ತು ಆದದ್ದು ಆದ ಹಾಗೆ ಬರೆಯುತ್ತೇನೆ.

ಆರಾಧನೆ ಚಂದ ಆಯಿತು. ವೇದಿಕೆಯ ಮುಂದೆ ಜೋಳದ ತೆನೆ, ಕಬ್ಬು, ಬದನೆಕಾಯಿ, ಬೆಲ್ಲದ ಪೆಂಟೆ, ಒಂದು ಕೋಳಿ. ಬೀಳಗಿ ತಾಲೂಕಿನ ಅನಗವಾಡಿಯಿಂದ ಕಸ್ತೂರೆವ್ವ ಎರಡು ಬಸ್ಸು ಬದಲಿಸಿ, ತೊಡೆಯ ಮೇಲೆ ಒಂದು ಕುಂಬಳಕಾಯಿ ಇಟ್ಟುಕೊಂಡು ಬಂದಿದ್ದಳು. ವಯಸ್ಸಾದ ಒಂಟಿ ಹೆಂಗಸು. ಹೊಳೆಯ ದಂಡೆಯಲ್ಲಿ ಒಂದು ಬಳ್ಳಿ ಹಬ್ಬಿಸಿದ್ದಾಳೆ, ಅದರ ಮೊದಲ ಕಾಯಿ.

ಲಿಲಾವು ಕೂಗುವವರು ನಮ್ಮ ಕಾರ್ಯದರ್ಶಿ ಪ್ರಭುದಾಸ ಮಾಸ್ತರರು. ಲಿಲಾವು ಅಂದರೆ ಪೇಟೆಯ ವ್ಯಾಪಾರವಲ್ಲ, ಇಲ್ಲಿ ಮೂಲಂಗಿಯೂ ಮುನ್ನೂರಕ್ಕೆ ಹೋಗುತ್ತದೆ, ನಗೆಯಾಟದಲ್ಲಿ ಚರ್ಚಿನ ಖರ್ಚು ಹುಟ್ಟುತ್ತದೆ. ನನ್ನ ಕೌದಿ ಬಂತು. ಐನೂರು ಅಂದರು ಯಾರೋ, ಏಳುನೂರು ಅಂದರು ಅಯ್ಯನವರ ಹೆಂಡತಿ. ಲಿಡಿಯಾ ಒಂದೇ ಬಾಯಿಗೆ "ಮೂರು ಸಾವಿರ" ಅಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಕೌದಿ ತಗೊಂಡು ನೇರವಾಗಿ ಕಸ್ತೂರೆವ್ವನ ಹತ್ತಿರ ಹೋಗಿ ಹೆಗಲ ಮೇಲೆ ಹೊದಿಸಿದಳು. "ಥಂಡಿ ಬಂತಲ್ಲ ಆಯಿ, ಹೊಳಿದಂಡ್ಯಾಗ ಇರ್ತೀ" ಅಂದಳು. ಮತ್ತೆ ಚಪ್ಪಾಳೆ. ಮುದುಕಿ ಅತ್ತಳು, ನಾಲ್ಕು ಹೆಂಗಸರು ಅತ್ತರು.

ನನ್ನ ಮೈ ಉರಿದುಹೋಯಿತು. ಮೂರು ತಿಂಗಳು ಬೆರಳು ಚುಚ್ಚಿಕೊಂಡು ಹೊಲಿದವಳು ನಾನು. ಒಂದು ಕೂಗಿನಲ್ಲಿ ಕರುಣೆಯ ಹೆಸರು ಅವಳಿಗೆ. ಕೌದಿ ಯಾರು ಹೊಲಿದರು ಎಂದು ಒಬ್ಬರೂ ಕೇಳಲಿಲ್ಲ.

ಮುಂದಿನದೇ ಕುಂಬಳಕಾಯಿ. "ಕಸ್ತೂರೆವ್ವನ ಕುಂಬಳಕಾಯಿ, ಹೊಳಿನೀರಿನ ಮಾಲು, ಕೂಗ್ರಿ!" ಅಂದರು ಮಾಸ್ತರರು. ಲಿಡಿಯಾ "ನೂರು" ಅಂದಳು. ನಾನು "ಇನ್ನೂರು" ಅಂದೆ. ಅವಳು ನನ್ನ ಕಡೆ ನೋಡಿ ನಕ್ಕು "ಐನೂರು" ಅಂದಳು. "ಸಾವಿರ." "ಎರಡು." ನನ್ನ ತಲೆಯೊಳಗೆ ಒಂದು ಲೆಕ್ಕ ಬಂದು ಕೂತಿತು: ಲಿಡಿಯಾ ಎಂದೂ ಸೋತವಳಲ್ಲ. ಏರಿಸುತ್ತಾ ಹೋದರೆ ಅವಳೂ ಏರಿಸುತ್ತಾಳೆ. ಇಪ್ಪತ್ತು ಸಾವಿರಕ್ಕೆ ಬಂದಾಗ ನಾನು ಬಿಡುತ್ತೇನೆ. ಒಂದು ಕುಂಬಳಕಾಯಿಗೆ ಇಪ್ಪತ್ತು ಸಾವಿರ ಚೆಲ್ಲುವ ಸೊಕ್ಕನ್ನು ಸಭೆಯೇ ಕಣ್ಣಾರೆ ನೋಡಲಿ.

ಐದು ಸಾವಿರಕ್ಕೆ ನಗು ನಿಂತಿತು. ಹತ್ತಕ್ಕೆ ಮಕ್ಕಳೂ ಸುಮ್ಮನಾದರು. ಸಾಮುವೇಲ ಹೆಂಡತಿಯ ಸೆರಗು ಎಳೆಯುತ್ತಿದ್ದದ್ದು ಕಂಡಿತು. ಅವಳು "ಹದಿನೇಳು" ಅಂದಳು. ನಾನು ಎದ್ದು ನಿಂತು "ಹದಿನೆಂಟು ಸಾವಿರ!" ಅಂದೆ.

ಲಿಡಿಯಾ ಬಾಯಿ ತೆರೆದಳು. ನನ್ನ ಮುಖವನ್ನೇ ನೋಡಿದಳು. ಬಾಯಿ ಮುಚ್ಚಿ, ಕೈ ಜೋಡಿಸಿ ಕೂತುಬಿಟ್ಟಳು.

"ಒಂದು ಸಾರಿ. ಎರಡು ಸಾರಿ." ಮಾಸ್ತರರು ಎಷ್ಟು ನಿಧಾನ ಹೇಳಿದರೂ ಅವಳು ತಲೆ ಎತ್ತಲಿಲ್ಲ. "ಮೂರು ಸಾರಿ."

ಕಸ್ತೂರೆವ್ವ ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಜಮಖಂಡಿಯ ಅಂಗಡಿಯಲ್ಲಿ ಮೋಟಾರಿನ ಹೊಲಿಗೆ ಮಷಿನ್ನು ನೋಡಿಟ್ಟು ನಾಲ್ಕು ವರ್ಷದಿಂದ ಕೂಡಿಸಿದ ಹತ್ತೊಂಬತ್ತು ಸಾವಿರ ಇದೆ ನನ್ನ ಹತ್ತಿರ. ಇದೆ ಅಲ್ಲ, ಇತ್ತು.

೧೮ ನವೆಂಬರ್, ಸೋಮವಾರ

ಕುಂಬಳಕಾಯಿ ಮಷಿನ್ನಿನ ಪಕ್ಕದಲ್ಲೇ ಕೂತಿದೆ. ಅದರ ಮುಖ ನೋಡಲಾರೆ.

೨೦ ನವೆಂಬರ್, ಬುಧವಾರ

ರೊಕ್ಕ ತೆಗೆದು ಮಾಸ್ತರರ ಕೈಗೆ ಕೊಟ್ಟು ಬಂದೆ. ಕಂತಿನಲ್ಲಿ ಕೊಡಿ ಅಂದರು. ಬೇಡ ಅಂದೆ. ಒಮ್ಮೆಗೇ ಹೋಗಲಿ, ಹಲ್ಲು ಕಿತ್ತ ಹಾಗೆ.

ಕುಂಬಳಕಾಯಿ ಒಡೆದು ಪಲ್ಯ ಮಾಡಿದೆ. ಅತ್ತೆ ಒಂದು ತುತ್ತು ಬಾಯಿಗಿಟ್ಟು ಬಹಳ ಹೊತ್ತು ಅಗಿದರು. "ಹದಿನೆಂಟು ಸಾವಿರದ ಪಲ್ಯಾ. ಉಪ್ಪ ಕಮ್ಮಿ ಆಗೇತಿ" ಅಂದರು.

ಲಿಡಿಯಾ ಬೇಕಂತಲೇ ಕೂತಳು. ನನ್ನನ್ನು ಹಳ್ಳಕ್ಕೆ ಕೆಡವಲೆಂದೇ ಕೂತಳು. ಕೈ ಬೇರೆ ಜೋಡಿಸಿದಳು, ನಾಟಕ.

೨೪ ನವೆಂಬರ್, ರವಿವಾರ

ಅಯ್ಯನವರು ಇವತ್ತು ಬಡ ವಿಧವೆಯ ಕಥೆ ತೆಗೆದರು. ಶ್ರೀಮಂತರೆಲ್ಲ ದೇವಾಲಯದ ಪೆಟ್ಟಿಗೆಗೆ ಬೇಕಾದಷ್ಟು ಹಾಕಿದರು, ಆ ವಿಧವೆ ತನ್ನಲ್ಲಿದ್ದ ಎರಡೇ ಕಾಸು ಹಾಕಿದಳು, ಯೇಸುಸ್ವಾಮಿ ಅವಳನ್ನೇ ಮೆಚ್ಚಿಕೊಂಡ. ಇದನ್ನು ಹೇಳಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ಆ ವಿಧವೆ ಎಲ್ಲಿಯೂ ಹೋಗಿಲ್ಲ, ನಮ್ಮ ಬನಹಟ್ಟಿಯಿಂದ ಪ್ರತಿ ರವಿವಾರ ನಡಕೊಂಡು ಬರ್ತಾಳ" ಅಂದರು. ಎಲ್ಲರೂ ನನ್ನ ಕಡೆ ತಿರುಗಿದರು.

ಭೂಮಿ ಬಾಯಿಬಿಟ್ಟರೆ ಸಾಕು ಅನಿಸಿತು. ತಲೆ ತಗ್ಗಿಸಿದೆ. ತಲೆ ತಗ್ಗಿಸಿದ್ದನ್ನು ನೋಡಿ ಇನ್ನೂ ಇಬ್ಬರು ಅತ್ತರು.

೩೦ ನವೆಂಬರ್, ಶನಿವಾರ

ಸುಳ್ಳೇಕೆ ಹೇಳಲಿ, ಹಿತವಾಗುತ್ತಿದೆ. ಮುಧೋಳದ ಸಭೆಯಿಂದ ಇಬ್ಬರು ಹೆಂಗಸರು ನನ್ನನ್ನು ನೋಡಲೆಂದೇ ಬಂದಿದ್ದರು. ಪ್ರಭುದಾಸ ಮಾಸ್ತರರ ಹೆಂಡತಿ ಜೋಳ ಕಳಿಸಿದಳು. ಚರ್ಚಿನಲ್ಲಿ ಫ್ಯಾನಿನ ಕೆಳಗೆ ನನಗೆ ಜಾಗ ಬಿಡುತ್ತಾರೆ. ಮೊದಲು ಅದು ಲಿಡಿಯಾಳ ಜಾಗ. ಅವಳು ಈಗ ಕಿಟಕಿಯ ಕಡೆ ಕೂರುತ್ತಾಳೆ, ಬಿಸಿಲು ಮುಖಕ್ಕೆ ಹೊಡೆಯುತ್ತದೆ.

ಎಷ್ಟೋ ಸಲ ನನಗೇ ನಿಜ ಅನಿಸುತ್ತದೆ. ದೇವರಿಗೆಂದೇ ಕೂಗಿರಬಹುದಲ್ಲ? ಮನಸ್ಸಿನ ಯಾವುದೋ ಮೂಲೆಯಲ್ಲಿ?

೪ ಡಿಸೆಂಬರ್, ಬುಧವಾರ

ಲಿಡಿಯಾ ಬಂದಿದ್ದಳು. ಕಾರಿನಲ್ಲಲ್ಲ, ನಡೆದುಕೊಂಡು. ಜಂಪರು ಒಯ್ಯಲು ಬಂದವಳು ಕಟ್ಟೆಯ ಮೇಲೆ ಕೂತುಬಿಟ್ಟಳು.

"ಆವತ್ತ ನಾ ಯಾಕ ಬಿಟ್ಟೆ ಗೊತ್ತೈತೇನ್ರಿ?" ಅಂದಳು.

ನಾನು ಗುಂಡಿ ಹಚ್ಚುತ್ತಿದ್ದೆ. "ಯಾಕ್ರಿ?"

"ನಿಮ್ಮ ಮಾರಿ ನೋಡಿದೆ. ಕಣ್ಣು ಹೊಳೀತಿದ್ವು. ಇದು ದೇವ್ರ ಕೆಲಸ, ನಾ ನಡುವ ಬರಬಾರ್ದು ಅನಿಸ್ತು. ಇಪ್ಪತ್ತು ಅನ್ನೂದು ನಾಲಿಗಿ ತುದೀಗೆ ಬಂದಿತ್ತು. ನುಂಗಿದೆ."

ಸೂಜಿ ಬೆರಳಿಗೆ ಚುಚ್ಚಿತು.

ಅವಳು ಮುಂದುವರಿಸಿದಳು. "ನಾ ಎಷ್ಟ ಕೊಟ್ರೂ ನನಗ ನೋಯೂದಿಲ್ರಿ. ಮುಂಜಾನಿ ಕೊಟ್ರ ಸಂಜೀಕ ಮಗ್ಗ ಅಷ್ಟ ಗಳಿಸಿರ್ತಾವ. ಮಂದಿ ಒಳ್ಳೆಯಾಕಿ ಅಂತಾರ. ರೊಕ್ಕಾ ಇರ್ಲಿಕ್ಕಂದ್ರ ನಾ ಒಳ್ಳೆಯಾಕಿ ಹೌದೋ ಅಲ್ಲೋ, ನನಗ ಗೊತ್ತಾಗೂ ದಾರಿನ ಇಲ್ಲ. ನಿಮಗ ಗೊತ್ತಾತು. ಖರೆ ಹೇಳ್ತೀನಿ, ಆವತ್ತಿನಿಂದ ನಿಮ್ಮನ್ನ ಕಂಡ್ರ ನನಗ ಹೊಟ್ಟಿಕಿಚ್ಚ ಆಗತೈತಿ."

ಲಿಡಿಯಾಗೆ ನನ್ನ ಮೇಲೆ ಹೊಟ್ಟೆಕಿಚ್ಚು! ಈ ಮಾತು ಕೇಳಲು ನಾನು ಮೂವತ್ತು ವರ್ಷ ಕಾದಿದ್ದೆ. ಕೇಳಿದೆ. ಒಂದು ಗುಟುಕು ನೀರು ಕುಡಿದಷ್ಟು ಹೊತ್ತು ಸುಖವಾಯಿತು, ಅಷ್ಟೇ.

ಏಳುವಾಗ ಅಂದಳು, "ಹಿರಿಯರ ಚುನಾವಣಿಗೆ ನನ್ನ ಹೆಸರು ಹಿಂದ ತಗೋತೀನ್ರಿ. ಆ ಜಾಗಾ ನಿಮ್ಮದು."

ಅಂದರೆ ಅದನ್ನೂ ಅವಳೇ ಕೊಡುತ್ತಾಳೆ! ಕೌದಿಯ ಹಾಗೆ ನನಗೆ ಹೊದಿಸಿ ಹೋಗುತ್ತಾಳೆ. ಕಾರಿನಲ್ಲಿ ಮುಂದೆ, ಮನೆಯಲ್ಲಿ ಮುಂದೆ, ಸಾಯಲಿ ಅದು. ಒಳ್ಳೆಯತನದಲ್ಲಾದರೂ ಅವಳು ಹಿಂದೆ ಇದ್ದಾಳೆ ಎಂದು ನಂಬಿಕೊಂಡು ಇಷ್ಟು ವರ್ಷ ಬದುಕಿದೆ. ಬಡತನವೇ ನನ್ನ ಬಂಗಾರವಾಗಿತ್ತು, ಅದನ್ನೇ ಕೊರಳಿಗೆ ಹಾಕಿಕೊಂಡು ಚರ್ಚಿಗೆ ಹೋಗುತ್ತಿದ್ದೆ.

೮ ಡಿಸೆಂಬರ್, ರವಿವಾರ

ನನ್ನ ಹೆಸರು ಸೂಚಿಸಿದರು. ಎದುರು ಯಾರೂ ಇಲ್ಲ. ಮುಂದಿನ ರವಿವಾರ ಕೈ ಎತ್ತಿಸಿ ಮುಗಿಸುತ್ತಾರಂತೆ.

೧೨ ಡಿಸೆಂಬರ್, ಗುರುವಾರ

ಲಿಡಿಯಾಳ ಒಂದು ಜಂಪರು ಬಿಗಿಯಾಗಿದೆಯೆಂದು ವಾಪಸು ಬಂದಿದೆ. ಎರಡು ಸಲ ಬಿಚ್ಚಿ ಎರಡು ಸಲ ಹೊಲಿದೆ. ಅವಳು ಒಂದಾದರೂ ಕೆಟ್ಟ ಮಾತಾಡಿದ್ದರೆ ನನಗೆ ಇಷ್ಟು ಕಷ್ಟವಿರಲಿಲ್ಲ. ಯೋಚಿಸಿ ಯೋಚಿಸಿ ಹುಡುಕಿದೆ. ಮಳೆಗಾಲದಲ್ಲಿ ಒಮ್ಮೆ ಕೊಡೆ ಕೊಡದೆ ಹೋಗಿದ್ದಳು. ಅದೂ ಅವಳ ಹತ್ತಿರ ಕೊಡೆ ಇರಲಿಲ್ಲವೇನೋ.

ಅತ್ತೆ ಕೇಳಿದರು, "ಹಿರಿಯಾಳ ಆಗಾಕಿ ಹಿಂಗ ಮಾರಿ ಮಾಡ್ತಾಳೇನ? ಯಾರ ಸತ್ರು?"

"ಯಾರೂ ಇಲ್ರಿ."

"ಮತ್ತ ನಗು."

ನಕ್ಕೆ. ಅತ್ತೆ, "ಬ್ಯಾಡ, ಮೊದಲಿನ ಮಾರೀನ ಛಲೋ ಇತ್ತು" ಅಂದರು.

೧೫ ಡಿಸೆಂಬರ್, ರವಿವಾರ

ಹೇಳಬೇಕೆಂದು ಹೋಗಿರಲಿಲ್ಲ. ದೇವರಾಣೆ, ಕುರ್ಚಿ ತಗೊಳ್ಳಲೆಂದೇ ಹೋಗಿದ್ದೆ. ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟಿದ್ದೆ.

ಅಯ್ಯನವರು ಮತ್ತೆ ಕುಂಬಳಕಾಯಿಯಿಂದ ಶುರು ಮಾಡಿದರು. ಈ ಸಲ ನಾನು ಲಿಲಾವಿನ ದಿನ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿ ಆಮೇಲೆ ಕೂಗಿದೆ ಎಂಬುದೂ ಸೇರಿತ್ತು. ಲಿಡಿಯಾ ಕಿಟಕಿಯ ಹತ್ತಿರ ಬಿಸಿಲಿನಲ್ಲಿ ಕೂತು, ಎಲ್ಲ ಮಾತಿಗೂ ತಲೆಯಾಡಿಸುತ್ತಿದ್ದಳು. ಅದನ್ನು ನೋಡಲಾಗಲಿಲ್ಲ. ಎದ್ದು ನಿಂತೆ.

"ಅಯ್ಯನೋರ, ನಾ ಪ್ರಾರ್ಥನಾ ಮಾಡ್ಲಿಲ್ರಿ" ಅಂದೆ. "ದೇವ್ರಿಗಂತ ಕೂಗಲೂ ಇಲ್ಲ. ಲಿಡಿಯಾನ ಸೊಕ್ಕು ನಾಕ ಮಂದಿ ನೋಡ್ಲಿ ಅಂತ ಕೂಗಿದೆ. ಆಕಿ ಇಪ್ಪತ್ತು ಅಂತಾಳ, ನಾ ಬಿಡ್ತೀನಿ ಅಂತ ಲೆಕ್ಕಾ ಹಾಕಿದ್ದೆ. ಆಕೀನ ಬಿಟ್ಟಳು. ರೊಕ್ಕಾ ಹೋತು. ಇಷ್ಟ ಆಗಿದ್ದು."

ಅಯ್ಯನವರು ಕನ್ನಡಕ ತೆಗೆದರು. ನಾನು ಬೈಗುಳಕ್ಕೆ ತಯಾರಾಗಿದ್ದೆ.

"ನೋಡಿದ್ರ್ಯಾ?" ಅಂದರು ಅವರು, ಸಭೆಯ ಕಡೆ ತಿರುಗಿ. "ಎಂಥಾ ದೀನತೆ! ತಾವು ಕೊಟ್ಟಿದ್ದನ್ನ ಹೆಂಗ ಸಣ್ಣದು ಮಾಡಿ ಹೇಳಾಕತ್ತಾರ!"

ಚಪ್ಪಾಳೆ ಶುರುವಾಯಿತು. "ದೀನತೆ ಅಲ್ರೀ! ಹೊಟ್ಟಿಕಿಚ್ಚು!" ಎಂದು ಕೂಗಿದೆ. ಹಿಂದಿನಿಂದ ಯಾರೋ ಆಮೆನ್ ಅಂದರು. ಮಾಸ್ತರರ ಹೆಂಡತಿ ನನ್ನ ಬೆನ್ನು ಸವರಿದಳು. ನನಗೆ ಅಳು ಬಂತು, ಸಿಟ್ಟಿನ ಅಳು, ಅದನ್ನೂ ಭಕ್ತಿಗೆ ಸೇರಿಸಿಕೊಂಡರು.

ಆಗ ಲಿಡಿಯಾ ಎದ್ದಳು. "ಅಯ್ಯನೋರ, ಆಕೀನ್ನ ನಂಬ್ರಿ" ಅಂದಳು. "ಆಕಿ ಖರೆ ಹೇಳಾಕತ್ತಾಳ. ನನ್ನ ಮದಿವಿ ಆದಾಗಿಂದ ನನ್ನ ಕಂಡ್ರ ಆಕಿಗೆ ಹೊಟ್ಟಿ ಉರೀತೈತಿ. ಜಂಪರದ ಅಳತಿ ತಗೋಳಾಗ ಟೇಪು ಎಷ್ಟು ಬಿಗೀತಾಳ ಅನ್ನೂದರಾಗ ನನಗ ತಿಳೀತೈತಿ."

ಯಾರೋ ನಕ್ಕರು, ಲಿಡಿಯಾ ನಗಲಿಲ್ಲ ಎಂದು ಗೊತ್ತಾಗಿ ಸುಮ್ಮನಾದರು.

"ಎಲ್ಲಾ ಗೊತ್ತಿತ್ತು ನನಗ. ಆದ್ರ ಆವತ್ತೊಂದಿನ ದೇವ್ರು ಆಕಿ ಮನಸ್ಸಿನ್ಯಾಗ ಬಂದ ಅಂತ ತಿಳಕೊಂಡಿದ್ದೆ. ಅದನ್ನ ನೆನಿಸ್ಕೋತ ಒಂದ ತಿಂಗಳು ಪ್ರಾರ್ಥನಾ ಮಾಡೀನಿ." ನನ್ನ ಕಡೆ ತಿರುಗಿ, "ಲೇ ಎಸ್ತಿ, ಅದೂ ಸುಳ್ಳಾತಲ್ಲ" ಅಂದಳು. ಚಪ್ಪಲಿ ಮೆಟ್ಟಿ ಹೊರಟುಹೋದಳು.

ಈಗ ಎಲ್ಲರೂ ನಂಬಿದರು. ಚುನಾವಣೆ ಮುಂದಕ್ಕೆ ಹೋಯಿತು. ಫ್ಯಾನಿನ ಕೆಳಗಿನ ಹೆಂಗಸರು ನನ್ನಿಂದ ಸ್ವಲ್ಪ ಸರಿದು ಕೂತರು. ಅವರು ಏನು ತಿಳಿದುಕೊಂಡರೋ, ಅದರ ಕಡೆ ನನ್ನ ಲಕ್ಷ್ಯವೇ ಹೋಗಲಿಲ್ಲ. ಅವಳು ಬಿಸಿಲಿನಲ್ಲಿ ನಡೆದುಹೋಗುವುದೇ ಕಿಟಕಿಯಿಂದ ಕಾಣುತ್ತಿತ್ತು.

೧೭ ಡಿಸೆಂಬರ್, ಮಂಗಳವಾರ

ಮಷಿನ್ನು ತುಳಿದೆ. ಏನೂ ಬರೆಯುವುದಿಲ್ಲ.

೨೧ ಡಿಸೆಂಬರ್, ಶನಿವಾರ

ಆ ಜಂಪರು ಸಡಿಲ ಮಾಡಿ ಆಗಿತ್ತು. ಯಾರ ಕೈಯಲ್ಲಾದರೂ ಕಳಿಸಬಹುದಿತ್ತು. ನಾನೇ ಹೋದೆ. ಅವರ ಮನೆ ಕಟ್ಟಿ ಏಳು ವರ್ಷವಾಯಿತು, ಗೃಹಪ್ರವೇಶದ ದಿನ ತಲೆನೋವಿನ ನೆವ ಹೇಳಿ ಬಾಗಿಲಿನಿಂದಲೇ ವಾಪಸು ಬಂದವಳು ನಾನು. ಆಮೇಲೆ ಒಂದು ಲೋಟ ನೀರನ್ನೂ ಅಲ್ಲಿ ಕುಡಿದಿಲ್ಲ.

ಸಾಮುವೇಲ ಗೇಟು ತೆಗೆದು, ಒಳಗೆ ಅಡಿಗೆಮನೆಯ ಕಡೆ ಕೈ ತೋರಿಸಿ, ತಾನು ಮೆಲ್ಲಗೆ ಮಗ್ಗದ ಶೆಡ್ಡಿಗೆ ಹೋಗಿಬಿಟ್ಟ. ಲಿಡಿಯಾ ರೊಟ್ಟಿ ಬಡಿಯುತ್ತಿದ್ದಳು. ಆಳುಗಳಿದ್ದಾರೆ, ಆದರೂ ರೊಟ್ಟಿ ಅವಳೇ ಬಡಿಯುತ್ತಾಳಂತೆ, ನನಗೆ ಗೊತ್ತಿರಲಿಲ್ಲ. ತಲೆ ಎತ್ತಿ ನೋಡಿದಳು. ಬಡಿಯುವುದು ನಿಲ್ಲಿಸಲಿಲ್ಲ.

"ಜಂಪರಾ ಸಡ್ಲ ಮಾಡೀನಿ" ಅಂದೆ.

"ಇಡು ಅಲ್ಲಿ."

ಇಟ್ಟೆ. ಏನಾದರೂ ಹೇಳಬೇಕಿತ್ತು. ದಾರಿಯಲ್ಲಿ ಬಾಯಿಪಾಠ ಮಾಡಿಕೊಂಡು ಬಂದ ಮಾತು ಒಂದೂ ಇರಲಿಲ್ಲ. "ಲಿಡಿಯಾ, ತಪ್ಪಾತು" ಅಂದೆ, ಅಷ್ಟೇ.

"ಆತು ಬಿಡು ಅನ್ನಾಕ ಬರೂದಿಲ್ಲ ನನಗ" ಅಂದಳು. "ಸಿಟ್ಟು ಇನ್ನೂ ಐತಿ."

"ಇರ್ಲಿ."

"ಭಾಳ ಐತಿ."

"ಹ್ಞೂಂ."

ಹೊರಡಲು ತಿರುಗಿದೆ. ಹಿಂದಿನಿಂದ ತಾಟು ನೆಲಕ್ಕೆ ಇಟ್ಟ ಸಪ್ಪಳ ಬಂತು. "ಎಲ್ಲಿ ಹೊಂಟಿ? ಕೂಡು. ಉಣ್ಣು" ಅಂದಳು. ನನ್ನ ಮುಖ ನೋಡಲಿಲ್ಲ.

ಕೂತೆ. ಒಲೆಯಿಂದ ಇಳಿಸಿದ ಬಿಸಿ ರೊಟ್ಟಿ ಒಂದು ಹಾಕಿದಳು, ಬದನೆಕಾಯಿ ಎಣ್ಣೆಗಾಯಿ ಹಾಕಿದಳು, ಮತ್ತೊಂದು ರೊಟ್ಟಿ ಹಾಕಿದಳು. ಅವಳು ಬಡಿದಳು, ನಾನು ಉಂಡೆ. ಎರಡು ರೊಟ್ಟಿ ಮುಗಿದವು. ಮೂರನೆಯದನ್ನು ನಾನಾಗಿಯೇ ಕೇಳಿದೆ.